ವಾರಿಜಾಳ ಪದಕದ ಕೆಂಪು ಕಲ್ಲು

೧೯೬೩ನೇ ಇಸವಿ ಫೆಬ್ರವರಿ ೧೧, ಸೋಮವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಜಯನಗರ ಠಾಣೆಗೆ ಬಂದ ಸರಸ್ವತಮ್ಮ, ಇನ್‌ಸ್ಪೆಕ್ಟರ್ ಕೊಟ್ರಪ್ಪನವರ ಮೇಜಿನ ಮೇಲೆ ಒಂದು ಕರವಸ್ತ್ರ ಬಿಚ್ಚಿಟ್ಟರು. ಒಳಗೆ ಚಿನ್ನದ ಸರ, ಸರಕ್ಕೊಂದು ಪದಕ. ಪದಕದ ನಡುವೆ ಕಲ್ಲಿರಬೇಕಾದ ಜಾಗ ಖಾಲಿಯಾಗಿತ್ತು.

“ನಮ್ಮ ಸೊಸೆ ವಾರಿಜಾದು. ತವರಿನವರು ಕೊಟ್ಟ ಕೆಂಪು, ಮಾಣಿಕ್ಯ. ಹುಣಿಸೆ ಬೀಜದಷ್ಟಿತ್ತು. ಬೆಳಿಗ್ಗೆ ಅವಳ ಕೋಣೆಯ ಬೀರು ತೆಗೆದು ನೋಡಿದ್ರೆ ಹೀಗಿದೆ.”

“ಯಾರ ಮೇಲಾದ್ರೂ ಅನುಮಾನ ಇದೆಯಾ?”

“ಕೆಲಸದ ಸೊಣ್ಣಮ್ಮ. ನಿನ್ನೆ ಸಾಯಂಕಾಲ ಆ ಕೋಣೆ ಗುಡಿಸಿದ್ದು ಅವಳೇ.”

ಸರಸ್ವತಮ್ಮನವರ ಮಗ ಜಯಸಿಂಹ ಆಗಲೇ ಸೊಣ್ಣಮ್ಮನನ್ನು ಕರೆತಂದು ಠಾಣೆಯ ಜಗಲಿಯಲ್ಲಿ ಕೂರಿಸಿದ್ದ. ಕೊಟ್ರಪ್ಪ ದೂರು ಬರೆಸಿಕೊಂಡರು. ವಾಸದ ಮನೆಯಲ್ಲಿ ಕಳವು ಎಂದು ಎಫ್‌ಐಆರ್ ಆಯಿತು. ಆಮೇಲೆ ಜಗಲಿಗೆ ಬಂದರು.

ಸೊಣ್ಣಮ್ಮನಿಗೆ ನಲವತ್ತೈದು ದಾಟಿರಬಹುದು. ದಿನಾ ಜರಗನಹಳ್ಳಿಯಿಂದ ನಡೆದು ಬಂದು, ಸರಸ್ವತಮ್ಮನವರ ಮನೆಯೂ ಸೇರಿ ಆ ಬೀದಿಯ ನಾಲ್ಕು ಮನೆಗಳಲ್ಲಿ ಕೆಲಸ ಮಾಡಿ ಹೋಗುವ ಹೆಂಗಸು.

“ಬೀರು ಮುಟ್ಟಿದ್ಯೇನಮ್ಮ?”

“ಇಲ್ಲ ಸ್ವಾಮಿ.”

“ಪದಕ ನೋಡಿದ್ದೀಯಾ?”

“ಅವರು ಹಾಕ್ಕೊಂಡಾಗ ನೋಡಿದೀನಿ. ಕದಿಯೋಳಾದ್ರೆ ಚಿನ್ನ ಬಿಟ್ಟು ಕಲ್ಲು ತಗೊಂಡು ಹೋಗ್ತೀನಾ ಸ್ವಾಮಿ? ಆ ಕಲ್ಲು ಇಟ್ಕೊಂಡು ನಾನೇನು ಮಾಡ್ಲಿ?”

ಕೊಟ್ರಪ್ಪನವರ ತಲೆಯಲ್ಲೂ ಅದೇ ಪ್ರಶ್ನೆ ಕುಟುಕುತ್ತಿತ್ತು. ಹತ್ತೊಂಬತ್ತು ವರ್ಷದ ನೌಕರಿಯಲ್ಲಿ ಚಿನ್ನವನ್ನು ಬಿಟ್ಟು ಹೋದ ಕಳ್ಳನನ್ನು ಅವರು ಕಂಡಿರಲಿಲ್ಲ. ಆಕೆಗೆ ಕಾಫಿ ತರಿಸಿ ಕೊಡಿ ಎಂದು ಪೇದೆಗೆ ಹೇಳಿ, ಹೆಡ್ ಕಾನ್‌ಸ್ಟೇಬಲ್ ತಿಮ್ಮರಾಯಪ್ಪನ ಜೊತೆ ಸರಸ್ವತಮ್ಮನವರ ಮನೆಗೆ ಹೊರಟರು.

ಹನ್ನೊಂದು ಗಂಟೆಗೆ ಇಬ್ಬರು ನೆರೆಯವರನ್ನು ಪಂಚರನ್ನಾಗಿ ಇಟ್ಟುಕೊಂಡು ಸ್ಥಳ ಪಂಚನಾಮೆ ನಡೆಯಿತು. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದ ಕೈ ಎಂದಿನಂತೆ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಪದಕದಲ್ಲಿ ಕಲ್ಲನ್ನು ಹಿಡಿದಿದ್ದ ನಾಲ್ಕು ಚಿನ್ನದ ಕೊಕ್ಕೆಗಳಲ್ಲಿ ಎರಡನ್ನು ಯಾವುದೋ ತೆಳ್ಳನೆಯ ಅಲಗಿನಿಂದ ಮೇಲಕ್ಕೆ ಎತ್ತಲಾಗಿತ್ತು. ಒಡವೆ ಪೆಟ್ಟಿಗೆಯ ಮಖಮಲ್ಲಿನ ಮೇಲೆ ಅಕ್ಕಿಕಾಳಿನಷ್ಟು ಕೆಂಪು ಚೂರೊಂದು ಸಿಕ್ಕಿತು. ಪಕ್ಕದಲ್ಲೇ ಕಪ್ಪು ಪುಡಿ. ತಿಮ್ಮರಾಯಪ್ಪ ಬೆರಳಲ್ಲಿ ಒತ್ತಿ, ಬಿಳಿ ಹಾಳೆಗೆ ಉಜ್ಜಿದ. ಬೂದು ಬಣ್ಣದ ಗೆರೆ ಮೂಡಿತು.

“ಪೆನ್ಸಿಲ್ ಪುಡಿ ಸಾರ್.”

ಚೂರು, ಪುಡಿ ಎರಡನ್ನೂ ಬೇರೆ ಬೇರೆ ಕಟ್ಟಿ ಮೊಹರು ಮಾಡಿದರು. ನಗರ್ತಪೇಟೆಯಲ್ಲಿ ಮೂವತ್ತು ವರ್ಷದಿಂದ ಹರಳು ಕೂರಿಸುತ್ತಿದ್ದ ವೆಂಕಟಾಚಲನ ಮುಂದೆ ಚೂರಿನ ಪೊಟ್ಟಣ ಬಿಚ್ಚಿದಾಗ ಮಧ್ಯಾಹ್ನ ಒಂದು ಗಂಟೆ. ಅವನು ಭೂತಗನ್ನಡಿ ಹಿಡಿದು ಚೂರನ್ನು ಅತ್ತ ಇತ್ತ ತಿರುಗಿಸಿದ.

“ಕೆಂಪು ಅಂದ್ರಲ್ಲ ಸಾರ್? ನಿಜವಾದ ಕೆಂಪು ತಿರುಗಿಸಿದ್ರೆ ಎರಡು ಥರ ಬಣ್ಣ ತೋರಿಸುತ್ತೆ. ಇದು ಯಾವ ಕಡೆಯಿಂದ ನೋಡಿದ್ರೂ ಒಂದೇ.”

ಬಟ್ಟಲಲ್ಲಿ ನೀರು ತುಂಬಿ, ತೆಳ್ಳಗೆ ಕೊಯ್ದ ಬೆಂಡಿನ ಮೇಲೆ ಚೂರನ್ನು ಇಟ್ಟು ತೇಲಿಬಿಟ್ಟ. ಹತ್ತಿರಕ್ಕೆ ಒಂದು ಅಯಸ್ಕಾಂತ ಹಿಡಿದ. ಕೊಟ್ರಪ್ಪ ಬಗ್ಗಿ ನೋಡಿದರು. ಬೆಂಡು ಮೊದಲು ಸುಮ್ಮನಿತ್ತು. ಆಮೇಲೆ ಬಹಳ ನಿಧಾನವಾಗಿ ಅಯಸ್ಕಾಂತದ ಕಡೆಗೆ ಸರಿಯಿತು.

“ಗಾರ್ನೆಟ್. ಇದರೊಳಗೆ ಕಬ್ಬಿಣದ ಅಂಶ ಇರುತ್ತೆ. ಕೆಂಪು ಹೀಗೆ ಬರಲ್ಲ.”

“ಅಂದ್ರೆ ಖೋಟಾ?”

ವೆಂಕಟಾಚಲನಿಗೆ ಆ ಮಾತು ಹಿಡಿಸಲಿಲ್ಲ. “ಗಾಜಾದ್ರೆ ಖೋಟಾ ಅನ್ನಿ. ಇದು ಭೂಮಿಯಲ್ಲಿ ಹುಟ್ಟಿದ ಕಲ್ಲೇ. ನೆರಳಲ್ಲಿ ಕಪ್ಪಗೆ ಕಾಣುತ್ತೆ, ಬೆಳಕಿಗೆ ಹಿಡಿದ್ರೆ ದಾಳಿಂಬೆ ಕಾಳು. ಗಟ್ಟಿತನದಲ್ಲಿ ಕೆಂಪಿಗಿಂತ ಕಮ್ಮಿ, ಬೆಲೆಯಲ್ಲಿ ಬಹಳ ಕಮ್ಮಿ. ಆದ್ರೆ ಈ ಅಂಚು ನೋಡಿ, ಎಷ್ಟು ನೇರವಾಗಿ ಸಾಣೆ ಹಿಡಿದಿದ್ದಾರೆ. ಬಲ್ಲವರು ಮಾಡಿದ ಕೆಲಸ.”

ಜೀಪಿನಲ್ಲಿ ವಾಪಸು ಬರುವಾಗ ಕೊಟ್ರಪ್ಪ ಲೆಕ್ಕ ಹಾಕಿದರು. ಕಲ್ಲಿಗೆ ಬೆಲೆಯಿಲ್ಲ, ಬೆಲೆಯಿದ್ದ ಚಿನ್ನ ಅಲ್ಲೇ ಇದೆ. ಹಾಗಿದ್ದರೆ ಕಲ್ಲು ಯಾರ ಕಣ್ಣಿಗೂ ಬೀಳಬಾರದು ಎನ್ನುವವರು ಯಾರೋ ಅದನ್ನು ಕಿತ್ತಿರಬೇಕು.

ಮತ್ತೆ ಸರಸ್ವತಮ್ಮನವರ ಮನೆ. ಎರಡೂ ಮುಕ್ಕಾಲು.

“ಪದಕವನ್ನ ಯಾರಿಗಾದ್ರೂ ತೋರಿಸೋದಿತ್ತೇನಮ್ಮ?”

“ಎರಡನೇ ಮಗನ ಮದುವೆ ಇದೆ. ಅದಕ್ಕೆ ಜೋಡಿಯಾಗೋ ಓಲೆ ಮಾಡಿಸೋಣ ಅಂತ ಬುಧವಾರ ಒಡವೆ ಅಂಗಡಿಗೆ ಹೋಗೋರಿದ್ವಿ.”

“ಈ ಮಾತು ಯಾವಾಗ ಆಡಿದ್ರಿ?”

“ನಿನ್ನೆ ಊಟಕ್ಕೆ ಕೂತಾಗ. ನಾನು, ಜಯಸಿಂಹ, ವಾರಿಜಾ. ಆಮೇಲೆ ಬೀಗರು, ವಾರಿಜಾಳ ತಂದೆ.”

“ಅವರ ಕೆಲಸ?”

“ಚಕ್ರಪಾಣಿ ಅಂತ. ಸ್ಕೂಲಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ರು, ಈಗ ರಿಟೈರಾಗಿದ್ದಾರೆ. ಊಟ ಆದ ಮೇಲೆ ಮಗಳ ಕೋಣೆಯಲ್ಲಿ ಸ್ವಲ್ಪ ಹೊತ್ತು ಮಲಗಿದ್ರು.” ಇಷ್ಟು ಹೇಳಿ ಅವರು ಆ ಕೋಣೆಯ ಬಾಗಿಲ ಕಡೆ ತಿರುಗಿ ನೋಡಿದರು.

ಬಾಗಿಲ ಹಿಂದೆ ನಿಂತಿದ್ದ ವಾರಿಜಾ ಮುಂದೆ ಬಂದಳು. “ಕಲ್ಲು ತೆಗೆದದ್ದು ನಾನು.”

“ಯಾವುದರಿಂದ ತೆಗೆದ್ರಿ?”

“ಹೇರ್‌ಪಿನ್ನಿಂದ.”

“ಕಲ್ಲು ಎಲ್ಲಿದೆ?”

ಕೊಟ್ರಪ್ಪ ದನಿ ತಗ್ಗಿಸಿದರು. “ಅದು ಕೆಂಪಲ್ಲ ಅಂತ ನಿಮಗೆ ಗೊತ್ತಿತ್ತಾ?”

“ಚಿಕ್ಕವಳಿದ್ದಾಗ ಅಮ್ಮನ ಕತ್ತಿನಲ್ಲಿ ದಿನಾ ನೋಡ್ತಿದ್ದ ಪದಕ. ಬಿಸಿಲಿಗೆ ಬಂದ್ರೆ ಆ ಕಲ್ಲು ಕೆಂಡದ ಹಾಗೆ ಕಾಣ್ತಿತ್ತು. ಮದುವೆ ದಿನ ನನ್ನ ಕತ್ತಿಗೆ ಬಂದ ಕಲ್ಲು ಅದಲ್ಲ. ಅಪ್ಪ ಹೇಳಲಿಲ್ಲ. ನಾನೂ ಕೇಳಲಿಲ್ಲ.”

ಸರಸ್ವತಮ್ಮ ಹತ್ತಿರದ ಕುರ್ಚಿಯಲ್ಲಿ ಕೂತುಬಿಟ್ಟರು. “ಕೆಂಪಲ್ಲ ಅಂತ ಹೇಳಿದ್ರೆ ನಾನೇನು ಮಾಡಿಬಿಡ್ತಿದ್ದೆ?” ಏನು ಮಾಡುತ್ತಿದ್ದೆ ಎಂಬುದು ಅವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ನಾಲ್ಕು ಗಂಟೆಗೆ ಬಸವನಗುಡಿಯ ಸಣ್ಣ ಮನೆಯೊಂದರ ಬಾಗಿಲು ತಟ್ಟಿದರು. ಖಾಕಿ ಬಟ್ಟೆ ಕಂಡದ್ದೇ ಚಕ್ರಪಾಣಿಯವರ ಮುಖ ಇಳಿದುಹೋಯಿತು. ಕಿಟಕಿ ಬಳಿಯ ಮೇಜಿನ ಮೇಲೆ ಪೆನ್ಸಿಲುಗಳು, ಅವನ್ನು ಹೆರೆಯುವ ಮಡಿಸುವ ಚಾಕು. ಚಾಕುವಿನ ತುದಿಗೆ ಕಪ್ಪು ಹತ್ತಿತ್ತು.

“ಕಲ್ಲು ಎಲ್ಲಿದೆ ಮೇಷ್ಟ್ರೇ?”

ಅವರು ಮೇಜಿನ ಖಾನೆಯಿಂದ ಕಾಗದದ ಪೊಟ್ಟಣ ತೆಗೆದು ಕೊಟ್ಟರು. ಒಂದು ಮೂಲೆ ಸೀಳಿದ್ದರೂ ಕಿಟಕಿಯ ಬೆಳಕಿಗೆ ಗಾರ್ನೆಟ್ಟಿನ ಮುಖಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಕೊಟ್ರಪ್ಪ ಒಂದು ಕ್ಷಣ ನೋಡುತ್ತ ನಿಂತರು.

“ಕೆಂಪನ್ನ ಏನು ಮಾಡಿದ್ರಿ?”

“ನನ್ನ ಹೆಂಡತಿಗೆ ಕ್ಷಯ ಆಗಿತ್ತು. ಔಷಧಿಗೆ ಮಾರಿದೆ. ಆದ್ರೂ ಉಳೀಲಿಲ್ಲ. ವಾರಿಜಾ ಮದುವೆ ಮಾತುಕತೆಯಾದಾಗ, ನಿಮ್ಮ ಮನೆಯವರ ಆ ಪದಕ ಹುಡುಗಿಗೆ ಹಾಕ್ತೀರಲ್ಲ ಅಂತ ಬೀಗರು ಕೇಳಿದ್ರು. ಹೂಂ ಅಂದುಬಿಟ್ಟೆ. ಆಮೇಲೆ ಈ ಕಲ್ಲು ಕೂರಿಸಿದೆ.”

“ಚಿನ್ನ ಯಾಕೆ ಬಿಟ್ರಿ?”

“ಚಿನ್ನ ನನ್ನ ಮಗಳದ್ದು ಸಾರ್. ನಾನು ಸುಳ್ಳು ಹೇಳಿದ್ದು ಕಲ್ಲಿನ ವಿಷಯದಲ್ಲಿ ಮಾತ್ರ. ಎಲ್ಲೋ ಕಳಚಿ ಬಿದ್ದಿರಬೇಕು ಅಂದ್ಕೊಳ್ತಾರೆ ಅಂತಿದ್ದೆ.”

“ಸೊಣ್ಣಮ್ಮನ ಮೇಲೆ ದೂರು ಬಂದಿದೆ.”

ಚಕ್ರಪಾಣಿ ದಿಗ್ಗನೆ ಎದ್ದರು. “ಆಕೆ ಎಲ್ಲಿದ್ದಾಳೆ?”

“ಬೆಳಗ್ಗೆಯಿಂದ ಠಾಣೆ ಜಗಲಿಯಲ್ಲಿದ್ದಾಳೆ.”

ಅವರು ಕೋಟು ಹುಡುಕಲು ಹೋಗಲಿಲ್ಲ. ಉಟ್ಟ ಬಟ್ಟೆಯಲ್ಲೇ ಜೀಪಿನ ಕಡೆಗೆ ನಡೆದರು.

ಐದು ಇಪ್ಪತ್ತಕ್ಕೆ ದಸ್ತಗಿರಿ ದಾಖಲಾಯಿತು. ಜಗಲಿಯಲ್ಲಿ ಸೊಣ್ಣಮ್ಮನ ಮುಂದೆ ಚಕ್ರಪಾಣಿ ಕೈ ಮುಗಿದು ನಿಂತರು. ಅವಳು ಮುಖ ತಿರುಗಿಸಿದಳು.

“ನನಗೆ ಕೈ ಮುಗಿದ್ರೆ ಏನು ಬಂತು ಸ್ವಾಮಿ? ಆ ಬೀದೀಲಿ ನಾಲ್ಕು ಮನೆ ಅವೆ. ಅಲ್ಲಿ ಯಾರು ಹೇಳ್ತಾರೆ?”

“ನಾವು ಹೇಳ್ತೀವಿ,” ಅಂದರು ಕೊಟ್ರಪ್ಪ.

ಮಾರನೆಯ ಬೆಳಿಗ್ಗೆ ಏಳಕ್ಕೆ ತಿಮ್ಮರಾಯಪ್ಪ ಪೂರ್ತಿ ಸಮವಸ್ತ್ರದಲ್ಲಿ ಸೊಣ್ಣಮ್ಮನ ಜೊತೆ ಆ ಬೀದಿಗೆ ಹೋಗಿ, ಒಂದೊಂದು ಮನೆಯ ಬಾಗಿಲಲ್ಲೂ ನಿಂತು, ಈಕೆಯ ತಪ್ಪೇನೂ ಇಲ್ಲ ಎಂದು ಹೇಳಿ ಬಂದ. ಮೊದಲನೆಯ ಮನೆಯಲ್ಲಿ ಅವನ ಮಾತಿಗಿಂತ ಮುಂಚೆ ವಾರಿಜಾಳೇ ಬಾಗಿಲಿಗೆ ಬಂದು ಸೊಣ್ಣಮ್ಮನನ್ನು ಒಳಗೆ ಕರೆದಳಂತೆ. ಸೊಣ್ಣಮ್ಮ ಹೋಗಲಿಲ್ಲ. ಉಳಿದ ಮೂರು ಮನೆ ಸಾಕು ಅಂದಳಂತೆ.

ಇಷ್ಟನ್ನು ಕೇಳಿಕೊಂಡು ಕೊಟ್ರಪ್ಪ ಕೇಸ್ ಡೈರಿ ಮುಗಿಸಲು ಕೂತರು. ಕೃತ್ಯದ ಉದ್ದೇಶ ಎಂಬಲ್ಲಿ ಲಾಭ ಎಂದು ಬರೆಯುವಂತಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ ಬರೆದರು: “ಆರೋಪಿಯು ಸದರಿ ಕಲ್ಲನ್ನು ಮಾರುವ ಉದ್ದೇಶದಿಂದ ತೆಗೆದಿಲ್ಲ. ಅತ್ತೆಮನೆಯಲ್ಲಿ ಮಗಳು ತಲೆ ತಗ್ಗಿಸುವಂತಾಗುತ್ತದೆಂದು ಹೆದರಿ ತೆಗೆದಿರುತ್ತಾನೆ. ಮಗಳಿಗೆ ಸಂಗತಿ ಮೊದಲೇ ತಿಳಿದಿದ್ದುದು ಆರೋಪಿಗೆ ತಿಳಿದಿರಲಿಲ್ಲ.”