ಮೊಣಕೈ ಆಳದ ನೀರು

ಶಾಂಪೂ ಬಾಟಲಿಯಲ್ಲಿ ನೀರು ಹಿಡಿದು ಬಂದವಳನ್ನು ಈಜುಕೊಳದ ಸಾಮಾನಿನ ಅಂಗಡಿಯವನು ಕಣ್ಣೆತ್ತಿಯೂ ನೋಡಲಿಲ್ಲ. ಬಾಟಲಿಯನ್ನು ಮಾತ್ರ ನೋಡಿದ. ಡ್ರೈವಿಂಗ್ ಟೀಚರಾದ ಅವಳಿಗೆ ಮೊದಲು ಸಿಟ್ಟು ಬಂದದ್ದೇ ಅದಕ್ಕೆ.

"ಇದ್ರಲ್ಲಿ ನೊರೆ ಇದೆ. ಪೂಲ್ ನೀರಿನ ಬದ್ಲು ನಿಮ್ಮ ಶಾಂಪೂನ ಟೆಸ್ಟ್ ಮಾಡ್ಬೇಕಾಗುತ್ತೆ," ಎಂದ.

ನಾಲ್ಕು ಸಲ ತೊಳೆದಿದ್ದೇನೆ ಎಂದು ಅವಳು ವಾದಿಸಿದಳು. ಹನ್ನೊಂದು ವರ್ಷದಿಂದ ಊರಿನ ಅರ್ಧ ಜನಕ್ಕೆ ಕಾರು ಓಡಿಸಲು ಕಲಿಸಿದವಳು. ಎದುರುತ್ತರ ಕೇಳಿ ಅಭ್ಯಾಸವಿಲ್ಲ. ಅಮ್ಮನ ಮಂಡಿನೋವಿಗೆ ನೀರಿನಲ್ಲಿ ನಡೆಯಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ಹಿತ್ತಿಲಲ್ಲಿ ಈಜುಕೊಳವಿರುವ ಮನೆಯನ್ನೇ ಕೊಂಡುಬಿಟ್ಟಿದ್ದಳು. ಇಷ್ಟು ಜನರನ್ನು ಪಳಗಿಸಿದವಳಿಗೆ ಒಂದಿಷ್ಟು ನೀರನ್ನು ಪಳಗಿಸುವುದು ಯಾವ ಮಹಾ? ದಿನಾ ಮಟಮಟ ಮಧ್ಯಾಹ್ನ ನಿಂತು ಕ್ಲೋರಿನ್ ಸುರಿದಳು. ಹತ್ತೇ ದಿನಕ್ಕೆ ಕೊಳ ಪಾಚಿ ಹಸಿರಾಯಿತು. ಇದರಲ್ಲಿ ಇಳಿಯಲು ಮಂಡಿ ಗಟ್ಟಿಯಿದ್ದರೆ ಸಾಲದು, ಗುಂಡಿಗೆಯೂ ಗಟ್ಟಿ ಬೇಕು ಎಂದು ಅಮ್ಮ ಮೆಟ್ಟಿಲ ಮೇಲೇ ನಿಂತುಬಿಟ್ಟಳು.

ಅಂಗಡಿಯವನು ವಾದಕ್ಕೆ ಹೋಗಲಿಲ್ಲ. ಹೊಸದೊಂದು ಪುಟ್ಟ ಬಿಳಿ ಬಾಟಲಿ ಮುಂದಿಟ್ಟು, ತನ್ನ ಅಂಗಿಯ ತೋಳು ಮಡಚಿ, ಎಲ್ಲಿಯವರೆಗೆ ಕೈ ಮುಳುಗಬೇಕೆಂದು ಬೆರಳಿಟ್ಟು ತೋರಿಸಿದ. ಬಾಟಲಿಯನ್ನು ತಲೆಕೆಳಗು ಮಾಡಿ ಮೊಣಕೈ ಆಳಕ್ಕೆ ಇಳಿಸಿ, ಅಲ್ಲಿ ತಿರುಗಿಸಿ ತುಂಬಿಸಬೇಕಂತೆ. ಮೇಲಿನ ನೀರು ಬಿಸಿಲು, ಧೂಳು, ಎಲೆ ಎಲ್ಲದರ ಸಹವಾಸ ಮಾಡಿರುತ್ತದೆ, ಅದರ ಮಾತು ನಂಬಬಾರದಂತೆ.

ಅವಳು ಆ ಮೊಣಕೈಯನ್ನು ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು. ಅವನು ಆಗ ಕಣ್ಣೆತ್ತಿದ. ಇಬ್ಬರೂ ಒಟ್ಟಿಗೇ ಬಾಟಲಿ ನೋಡತೊಡಗಿದರು.

ಸಂಜೆ ಸರಿಯಾದ ನೀರು ತಂದಳು. ಅವನು ಗಾಜಿನ ನಳಿಗೆಗೆ ತೊಟ್ಟು ತೊಟ್ಟಾಗಿ ಔಷಧ ಬಿಡುತ್ತ, ತುಟಿಯಲ್ಲೇ ಎಣಿಸುತ್ತ ರೋಗ ಕಂಡುಹಿಡಿದ. ಅವಳು ಸುರಿದ ಕ್ಲೋರಿನ್ನನ್ನೆಲ್ಲ ಬಿಸಿಲೇ ತಿಂದುಹಾಕಿತ್ತು.

"ಕ್ಲೋರಿನ್‌ಗೆ ಒಂದು ಕೊಡೆ ಬೇಕು. ಸ್ಟೆಬಿಲೈಸರ್ ಅಂದ್ರೆ ಆ ಕೊಡೆ. ಒಂದ್ಸಲ ಹಾಕಿದ್ರೆ ಬಿಸಿಲಿಗೆ ಹೋಗಲ್ಲ, ಗಾಳಿಗೆ ಹೋಗಲ್ಲ. ನೀರು ಚೆಲ್ಲಿದ್ರೆ ಮಾತ್ರ ಹೋಗುತ್ತೆ."

ಅಂಗಡಿಗೊಂದು ಪದ್ಧತಿಯಿತ್ತು. ಕೊಳ ಇರುವ ಪ್ರತಿಯೊಬ್ಬರಿಗೂ ಗೋಡೆಯ ಮೇಲೆ ಒಂದು ಕಾರ್ಡು. ಸತತ ಮೂರು ಶನಿವಾರ ನೀರು ಸರಿಯಾಗಿ ಬಂದರೆ ಮೂರು ಟಿಕ್ಕು ಹಾಕಿ, ಮನೆಯಲ್ಲೇ ಪರೀಕ್ಷೆ ಮಾಡುವ ಪೆಟ್ಟಿಗೆ ಕೊಟ್ಟು, ಇನ್ನು ನೀವೇ ನೋಡಿಕೊಳ್ಳಿ, ಬರಬೇಕಾಗಿಲ್ಲ ಎಂದು ಕಳಿಸಿಬಿಡುತ್ತಿದ್ದ. ಅವಳಿಗೆ ಅದು ಹಿಡಿಸಿತು. ತಾನೂ ಅಷ್ಟೇ, ಕಲಿತವರನ್ನು ಒಂದು ದಿನವೂ ಹೆಚ್ಚಿಗೆ ಇಟ್ಟುಕೊಳ್ಳುವವಳಲ್ಲ, ತಿಂಗಳೊಳಗೆ ಪಾಸಾಗಿ ತೋರಿಸುತ್ತೇನೆ ಎಂದಳು. ನೋಡೋಣ ಎಂದು ಅವನು ನಕ್ಕ. ನಕ್ಕಾಗ ಅವನ ಎಡಗೆನ್ನೆ ಮಾತ್ರ ಮೇಲೇರುತ್ತಿತ್ತು.

ಹಟ ತೊಟ್ಟವಳು ಸುಮ್ಮನಿರುತ್ತಾಳೆಯೇ? ಸ್ಟೆಬಿಲೈಸರ್ ಹಾಕಿದಳು, ದಿನಾ ಎಂಟು ಗಂಟೆ ಪಂಪು ಓಡಿಸಿದಳು, ಗೋಡೆಗಳನ್ನು ಬ್ರಷ್ಷಿನಿಂದ ಉಜ್ಜಿದಳು, ಕ್ಲೋರಿನ್ನನ್ನು ಹೊತ್ತು ಇಳಿದ ಮೇಲೆ ಹಾಕಿದಳು. ಹಸಿರು ನೀರು ಹಾಲಿನಂತೆ ಮಬ್ಬಾಯಿತು, ಮಬ್ಬು ತಿಳಿಯಾಯಿತು. ಮೊದಲ ಟಿಕ್ಕು ಬಿದ್ದ ಶನಿವಾರ ಅವನು ಡ್ರೈವಿಂಗ್ ಕ್ಲಾಸಿನ ಬಗ್ಗೆ ವಿಚಾರಿಸಿದ; ಯಾವ ಹೊತ್ತಿಗೆ ಇರುತ್ತದೆ, ಎಲ್ಲರಿಗೂ ಟೀಚರೇ ಕಲಿಸುತ್ತಾರಾ ಎಂದೆಲ್ಲ. ಅವನ ತಂಗಿಗೋ ಯಾರಿಗೋ ಇರಬೇಕು ಎಂದುಕೊಂಡು ಅವಳು ಒಂದು ಅರ್ಜಿ ಕೊಟ್ಟು ಬಂದಳು. ಎರಡನೆಯ ಟಿಕ್ಕಿನ ಹೊತ್ತಿಗೆ ಅಮ್ಮ ಸೊಂಟಮಟ್ಟದ ನೀರಿನಲ್ಲಿ ಹತ್ತು ಸುತ್ತು ನಡೆಯುತ್ತಿದ್ದಳು.

"ನೀರು ಡಾಕ್ಟ್ರು ಕೈಗುಣ ಚೆನ್ನಾಗಿದೆ ಕಣೇ. ಶನಿವಾರ ಬಂದ್ರೆ ನಿನ್ನ ಮುಖಾನೂ ತಿಳಿಯಾಗುತ್ತೆ," ಎಂದಳು ಅಮ್ಮ.

ಮಗಳು ಕೇಳಿಸದವಳಂತೆ ಗೋಡೆ ಉಜ್ಜಿದಳು.

ಮೂರನೆಯ ಶನಿವಾರ ಬೆಳಿಗ್ಗೆ ಕೊಳದ ತಳದ ಒಂದೊಂದು ಟೈಲನ್ನೂ ಎಣಿಸುವಷ್ಟು ನೀರು ನಿಚ್ಚಳವಾಗಿತ್ತು. ಅದನ್ನು ನೋಡಿ ಅವಳಿಗೆ ಖುಷಿಯಾಗಲಿಲ್ಲ. ಇವತ್ತು ಪಾಸಾದರೆ ಮುಂದಿನ ಶನಿವಾರ ಇಲ್ಲ. ಆ ತುಟಿಯೆಣಿಕೆ ಇಲ್ಲ, ಆ ಎಡಗೆನ್ನೆ ಇಲ್ಲ. ಹಿಂದೊಬ್ಬ ಶಿಷ್ಯ ಇನ್ನೂ ನಾಲ್ಕು ದಿನ ಕ್ಲಾಸು ಸಿಗಲೆಂದು ಬೇಕಂತಲೇ ನಡುರಸ್ತೆಯಲ್ಲಿ ಗಾಡಿ ಆಫ್ ಮಾಡುತ್ತಿದ್ದ. ಐದು ನಿಮಿಷದಲ್ಲಿ ಅವನ ನಾಟಕ ಹಿಡಿದು ಉಗಿದು ಕಳಿಸಿದ್ದಳು. ಈಗ ಅದೇ ಟೀಚರು ಅಡುಗೆಮನೆಯ ನಲ್ಲಿ ತಿರುಗಿಸಿ, ಬಿಳಿ ಬಾಟಲಿಗೆ ಕುಡಿಯುವ ನೀರು ತುಂಬಿಸಿ, ಮುಚ್ಚಳ ಬಿಗಿದಳು. ನಲ್ಲಿ ನೀರಿನಲ್ಲಿ ಕ್ಲೋರಿನ್ ಕಡಿಮೆ, ಫೇಲಾಗುವುದು ಗ್ಯಾರಂಟಿ. ಇನ್ನೂ ಮೂರು ವಾರ ಸಿಕ್ಕೀತು.

ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅಂಗಡಿಯಲ್ಲಿ ಯಾರೂ ಕೇಳದಿದ್ದರೂ, ಮೊಣಕೈ ಆಳದಿಂದಲೇ ತೆಗೆದದ್ದು ಎಂದು ಎರಡು ಸಲ ಹೇಳಿದಳು.

ಅವನು ತೊಟ್ಟು ಬಿಟ್ಟ. ಕ್ಲೋರಿನ್ ಕಡಿಮೆ ಎಂದ. ಛೆ, ಹಾಗಾದರೆ ಮತ್ತೆ ಮೊದಲಿನಿಂದ ಬರಬೇಕಲ್ಲ ಎಂದು ಅವಳು ಪೇಚಾಡಿದಳು. ಪೇಚಾಟ ಸ್ವಲ್ಪ ಅತಿಯಾಯಿತು.

ಕೊನೆಯಲ್ಲಿ ಅವನು ಉದ್ದನೆಯ ನಳಿಗೆ ಎತ್ತಿಕೊಂಡ. ಅದರ ತಳದಲ್ಲೊಂದು ಕಪ್ಪು ಚುಕ್ಕೆ. ನೀರಿನಲ್ಲಿ ಸ್ಟೆಬಿಲೈಸರ್ ಇದ್ದರೆ ಔಷಧ ಬೆರೆಸಿದಾಗ ಮಬ್ಬಾಗಿ ಆ ಚುಕ್ಕೆ ಮರೆಯಾಗುತ್ತದೆ. ಎರಡು ಶನಿವಾರ ಹಾಗೇ ಆಗಿತ್ತು. ಇವತ್ತು ನಳಿಗೆ ಕಂಠದವರೆಗೆ ತುಂಬಿದರೂ ಚುಕ್ಕೆ ಅಲ್ಲೇ ಇದ್ದು ಇಬ್ಬರನ್ನೂ ದಿಟ್ಟಿಸಿತು. ಕ್ಲೋರಿನ್ ಬಗ್ಗೆ ಅಷ್ಟೆಲ್ಲ ಲೆಕ್ಕ ಹಾಕಿದ್ದವಳು ಇದೊಂದನ್ನು ಮರೆತಿದ್ದಳು.

"ಕೊಡೆ ಎಲ್ಲಿ?" ಅವನು ಮೆಲ್ಲಗೆ ಕೇಳಿದ.

ಮಳೆ ಬಂದಿತ್ತು ಎಂದಳು. ಪೂಲ್ ಪೂರ್ತಿ ಖಾಲಿಯಾಗಿ ಮತ್ತೆ ತುಂಬುವಷ್ಟಾ ಎಂದ. ಅವಳ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಸಿಕ್ಕಿಬಿದ್ದ ಮೇಲೆ ತಲೆ ತಗ್ಗಿಸುವ ಜಾತಿಯಲ್ಲ ಅವಳದು. ನೇರವಾಗಿ ಅವನ ಕಣ್ಣನ್ನೇ ನೋಡಿದಳು.

"ಅದು ನಲ್ಲಿ ನೀರು. ನಮ್ಮ ಪೂಲ್ ಸರಿಹೋಗಿದೆ. ಪಾಸಾಗಿಬಿಟ್ರೆ ಇಲ್ಲಿಗೆ ಬರೋಕೆ ನೆಪ ಇರಲ್ವಲ್ಲ, ಅದಕ್ಕೆ. ನನಗೆ ನೀವಂದ್ರೆ ಇಷ್ಟ. ನಿಮಗೆ ಹಾಗೇನೂ ಇಲ್ಲ ಅಂದ್ರೆ ಈಗ್ಲೇ ಹೇಳಿ, ಬಾಟಲಿ ಇಟ್ಟು ಹೋಗ್ತೀನಿ."

ಅವನು ಮೇಜಿನ ಡ್ರಾಯರ್ ಎಳೆದು ಒಂದು ಕಾಗದ ತೆಗೆದು ಅವಳ ಮುಂದಿಟ್ಟ. ಅವಳೇ ಕೊಟ್ಟಿದ್ದ ಅರ್ಜಿ. ತಂಗಿಯ ಹೆಸರಿನಲ್ಲಲ್ಲ, ಅವನದೇ ಹೆಸರಿನಲ್ಲಿ ತುಂಬಿತ್ತು. ತಾರೀಖು ಮೊದಲ ಟಿಕ್ಕು ಬಿದ್ದ ಶನಿವಾರದ್ದು. ಅವಳು ಕಿಟಕಿಯಾಚೆ ನೋಡಿದಳು. ಎರಡು ಗೋಡೆಗಳ ನಡುವೆ ಅಂಗೈ ತೂರುವಷ್ಟೇ ಜಾಗ ಬಿಟ್ಟು ಅವನ ವ್ಯಾನ್ ನಿಂತಿತ್ತು. ಅದನ್ನು ಅವನೇ ರಿವರ್ಸ್‌ನಲ್ಲಿ ತಂದು ನಿಲ್ಲಿಸುವುದನ್ನು ಅವಳು ಕಂಡಿದ್ದಳು, ಮನಸ್ಸಿನಲ್ಲೇ ಮೆಚ್ಚಿದ್ದಳು ಕೂಡ.

"ಲೈಸೆನ್ಸ್ ಎಷ್ಟು ವರ್ಷದ್ದು?"

"ಹದಿನಾಲ್ಕು."

"ಮತ್ತೆ ಇದು?"

"ನಿಮ್ಮ ನೀರು ತುಂಬಾ ಬೇಗ ಸರಿಹೋಗ್ತಿತ್ತು ಟೀಚರ್," ಎಂದ. "ನನಗೆ ಭಯ ಆಯ್ತು."

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು.

ಆದರೂ ನಲ್ಲಿ ನೀರಿಗೆ ಅವನು ಟಿಕ್ಕು ಹಾಕಲಿಲ್ಲ. ಆ ವಿಷಯದಲ್ಲಿ ಮುಲಾಜಿಲ್ಲದ ಮನುಷ್ಯ. ಯಾರ ಮನೆಗೂ ಹೋಗಿ ಪರೀಕ್ಷೆ ಮಾಡದವನು ಹಾಡಹಗಲೇ ಅಂಗಡಿಗೆ ಬೀಗ ಹಾಕಿ, ಕಾರ್ಡು ಜೇಬಿಗಿಳಿಸಿ, ಪೆಟ್ಟಿಗೆ ಹಿಡಿದು ಅವಳ ಜೊತೆ ಹೊರಟ.

ಅಮ್ಮ ನೀರಿನಲ್ಲಿ ಆರನೆಯ ಸುತ್ತಿನಲ್ಲಿದ್ದಳು. ಬಂದವನನ್ನು ನೋಡಿ, ಏನೂ ಕೇಳದೆ, ಅಲೆಯೇಳದಂತೆ ಒಂದು ಮೂಲೆಗೆ ಸರಿದು ನಿಂತಳು. ಅವನು ಅಂಚಿನಲ್ಲಿ ಮಂಡಿಯೂರಿ, ತೋಳು ಮಡಚುವುದನ್ನೇ ಮರೆತು, ಮೊಣಕೈವರೆಗೆ ಕೈ ಇಳಿಸಿದ. ಕಪ್ಪು ಚುಕ್ಕೆ ಮರೆಯಾಯಿತು. ಎಲ್ಲವೂ ಸರಿಯಾಗಿತ್ತು. ಮೂರನೆಯ ಟಿಕ್ಕು ಹಾಕಿ ಪೆಟ್ಟಿಗೆಯನ್ನು ಅವಳ ಕೈಗಿಟ್ಟ.

ಅವಳು ಅವನ ಅರ್ಜಿಯನ್ನು ಮಡಚಿ ಅವನ ಜೇಬಿಗೇ ತುರುಕಿದಳು. ಕಲಿತವರನ್ನು ನಾನು ಸೇರಿಸಿಕೊಳ್ಳುವುದಿಲ್ಲ ಎಂದಳು.

"ಹಾಗಾದ್ರೆ ಮುಂದಿನ ಶನಿವಾರ ಏನಂತ ಬರ್ಲಿ?"

ಅವನ ತೋಳಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳು ಆ ಒದ್ದೆ ಕೈಯನ್ನು ಹಿಡಿದುಕೊಂಡಳು.

"ಶನಿವಾರದವರೆಗೂ ಯಾಕೆ? ನಾಳೆನೇ ಬನ್ನಿ. ಏನೂ ತರ್ಬೇಡಿ, ನೆಪಾನೂ ಬೇಡ."