ತುಂಬುತ್ತಲೇ ಇದ್ದ ಡಿಸ್ಕ್

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಪದ್ಮನಾಭನಗರದ ವನಿತಾ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಠಾಣೆಗೆ ಬಂದರು. ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವರು.

“ಡಿಸ್ಕ್ ತಾನಾಗೇ ತುಂಬ್ತಿದೆ ಮೇಡಂ. ಫೋಟೋ ಎಲ್ಲ ಅಳಿಸಿದ್ರೂ ವಾರದಲ್ಲಿ ಮತ್ತೆ ಫುಲ್. ಪಾಠ ಅರ್ಧಕ್ಕೇ ನಿಂತುಹೋಗತ್ತೆ. ಮಕ್ಕಳು ಬಿಟ್ಟುಹೋಗ್ತಿದಾರೆ.”

“ರಿಪೇರಿ ಅಂಗಡಿಗೆ ಹೋಗಬೇಕಿತ್ರಿ ಅಕ್ಕಾರ. ಇದು ಪೊಲೀಸ್ ಸ್ಟೇಷನ್,” ಎಂದ ಕಾನ್‌ಸ್ಟೇಬಲ್ ಗುರುಸಿದ್ದ.

“ಹೋಗಿದ್ದೆ. ಫಾರ್ಮ್ಯಾಟ್ ಮಾಡ್ಸಿ ಅಂದ್ರು. ಮಾಡಿಸ್ಲಿಲ್ಲ. ಏನು ತಿಂತಿದೆ ಅಂತ ಗೊತ್ತಾಗ್ಬೇಕಲ್ಲ? ‘ನಿಂಗೆ ಮರೆವು, ಏನೋ ಒತ್ತಿರ್ತೀಯ, ಟ್ಯೂಷನ್ ನಿಲ್ಸು’ ಅಂತಾರೆ ನಮ್ಮೆಜಮಾನ್ರು. ನನಗೆ ಮರೆವಿಲ್ಲ ಮೇಡಂ.”

ಸಬ್ ಇನ್‌ಸ್ಪೆಕ್ಟರ್ ಮಧುಮತಿ ಪೆನ್ನು ಕೆಳಗಿಟ್ಟಳು. ಎಲ್ಲರೂ ನಿನ್ನದೇ ತಪ್ಪು ಎನ್ನುವಾಗ ತನ್ನ ತಲೆಯನ್ನು ತಾನೇ ನಂಬುವುದು ಎಷ್ಟು ಕಷ್ಟವೆಂದು ಅವಳಿಗೆ ಗೊತ್ತಿತ್ತು. ಈ ಹೆಂಗಸು ತಿಂಗಳುಗಟ್ಟಲೆ ಒಬ್ಬರೇ ನಂಬಿಕೊಂಡು ಬಂದಿದ್ದರು.

ಗುರುಸಿದ್ದ ಫೋಲ್ಡರುಗಳನ್ನು ಗಾತ್ರದ ಪ್ರಕಾರ ಜೋಡಿಸಿ, ಮರೆಮಾಡಿದವನ್ನೂ ತೆರೆದ. ಒಂದರ ತುಂಬ ವನಿತಾ ಅವರದೇ ವಿಡಿಯೋಗಳು. ಲ್ಯಾಪ್‌ಟಾಪ್ ತೆರೆದೊಡನೆ ಕ್ಯಾಮೆರಾ, ಮೈಕುಗಳನ್ನು ಚಾಲೂ ಮಾಡುವ ಗುಪ್ತ ಪ್ರೋಗ್ರಾಮೊಂದು ಎಲ್ಲವನ್ನೂ ಸೆರೆಹಿಡಿದಿತ್ತು. ಎಫ್‌ಐಆರ್ ದಾಖಲಾಯಿತು. ಪಂಚನಾಮೆ ಮಾಡಿ ಲ್ಯಾಪ್‌ಟಾಪನ್ನು ವಶಕ್ಕೆ ಪಡೆದರು.

“ಇದನ್ನ ಹಾಕಿದ್ದು ವರಮಹಾಲಕ್ಷ್ಮಿ ಹಬ್ಬದ ಸಂಜಿ ಏಳಕ್ಕರಿ,” ಎಂದ ಗುರುಸಿದ್ದ. “ಸರಿಯಾದ ಪಾಸ್‌ವರ್ಡ್ ಹಾಕೇ ಒಳಗ ಹೋಗ್ಯಾರ.”

“ಆಗ ಎಲ್ಲಿದ್ರಿ?” ಮಧುಮತಿ ಕೇಳಿದಳು.

“ಕುಂಕುಮಕ್ಕೆ ಹೋಗಿದ್ದೆ, ಬೀದಿಯವರ ಮನೆಗಳಿಗೆ.”

“ನಿಮ್ಮನೇಲಿ ಯಾರಿದ್ರು?”

ವನಿತಾ ಮೇಜಿನ ಅಂಚನ್ನು ಬೆರಳಿನಿಂದ ಒರೆಸಿದರು. ಮತ್ತೆ ಒರೆಸಿದರು.

“ಅವರೊಬ್ಬರೇ. ಪಾಸ್‌ವರ್ಡೂ ಗೊತ್ತು.”

“ಹೇಳಿಕೆಯಲ್ಲಿ ಬರ್ಕೋಬೇಕಾಗತ್ತೆ.”

“ಬರ್ಕೊಳ್ಳಿ. ನಾನೇ ಹೇಳಿದ್ದು ಅಂತಾನೇ ಬರ್ಕೊಳ್ಳಿ.”

ಅವರು ಹೇಳಿಕೆಯನ್ನು ಓದಿ, ಕೆಳಗೆ ತಮ್ಮ ಹೆಸರನ್ನು ಪೂರ್ತಿ ಬರೆದರು. ಮನೆ ಮುರಿಯುತ್ತದೆಂದು ಗೊತ್ತಿದ್ದೂ ನಿಜಕ್ಕೆ ಸಹಿ ಹಾಕಿದ ಆ ಕೈಯನ್ನು ಮಧುಮತಿ ನೋಡುತ್ತಲೇ ಉಳಿದಳು. ತಾನಾಗಿದ್ದರೆ ಹೇಳುತ್ತಿದ್ದೆನೇ ಎಂದು ಅವಳಿಗೆ ಖಾತ್ರಿಯಿರಲಿಲ್ಲ.

ಸಂಜೆ ಆರಕ್ಕೆ ಆಫೀಸಿನಿಂದ ಮನೆಗೆ ಬಂದ ವನಿತಾರ ಗಂಡ ರಾಮಪ್ರಸಾದನ ಫೋನಿನಲ್ಲಿ ಅವೇ ವಿಡಿಯೋಗಳ ಪ್ರತಿ ಸಿಕ್ಕಿತು. ಬಂಧಿಸಿ ಜೀಪಿನಲ್ಲಿ ಕೂರಿಸಿದರು.

“ಹೆಂಡತಿ ಮೇಲೆ ಅನುಮಾನವಾ?” ಮಧುಮತಿ ಕೇಳಿದಳು.

“ಛೆ, ಇಲ್ಲ.” ಎಂದ ರಾಮಪ್ರಸಾದ. “ಪಾಠ ಮಾಡ್ತಾ ಮಕ್ಕಳ ಹತ್ರ ನಗ್ತಾಳೆ ಮೇಡಂ. ನಾನು ಮನೆಗೆ ಬಂದ ತಕ್ಷಣ ನಿಂತೋಗತ್ತೆ. ಯಾಕೆ ಅಂತ ತಿಳ್ಕೋಬೇಕಿತ್ತು.”

“ಅವರನ್ನೇ ಕೇಳಿದ್ರಾ?”