ಬಿಳಿಗಲ್ಲಿನ ಕೊಳ, ಆನೆಯ ಬಾನಿ

ಬಹಳ ಹಿಂದೆ, ಆನೆಗಳು ಮಾತಾಡುತ್ತಿದ್ದ ಕಾಲದಲ್ಲಿ, ಹಾಲ್ಗಲ್ಲು ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆಯಲ್ಲಿ ಸಿಂಗಾರಿ ಎಂಬವಳು ಪಾತ್ರೆ ತೊಳೆಯುತ್ತಿದ್ದಳು. ಹುಳಿ ಹಾಕಿ ಅವಳು ಉಜ್ಜಿದ ಹಿತ್ತಾಳೆಯ ಹೊಳಪಿನಲ್ಲಿ ರಾಣಿಯೇ ಮುಖ ನೋಡಿಕೊಂಡು ಕುಂಕುಮ ಇಡುತ್ತಿದ್ದಳು. ಸಿಂಗಾರಿಗೆ ತುಂಬೆ ಎಂಬ ಪುಟ್ಟ ಮಗಳು.

ಒಮ್ಮೆ ಧವಳಾಂಗನೆಂಬ ಮಾಂತ್ರಿಕ ಊಟಕ್ಕೆ ಬಂದ. ಸುಣ್ಣ ಬಳಿದಂಥ ಮೈ. ಸಾರು ಬಂದರೆ ಎಲೆಗೆ ಕೈ ಅಡ್ಡ ಹಿಡಿದ. ಉಪ್ಪಿನಕಾಯಿ ಕಂಡು ಹಿಂದೆ ಸರಿದ.

"ಯಾಕಜ್ಜಾ, ನಿಂಗೆ ಹುಳಿ ಅಂದ್ರೆ ಭಯಾನಾ?" ಎಂದಳು ತುಂಬೆ.

ಪಂಕ್ತಿಯೆಲ್ಲ ನಕ್ಕಿತು. ಮಾಂತ್ರಿಕ ಎದ್ದು ಕೈ ಬೀಸಿದ. ತುಂಬೆ ಮೀನಾಗಿ ನೆಲದ ಮೇಲೆ ಪಟಪಟ ಹೊರಳಿದಳು.

"ತಳ ಕಾಣುವ ನೀರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ಈಜಿದರೆ ಮತ್ತೆ ಹುಡುಗಿ. ಇಲ್ಲವೋ, ಮೈಗೆ ಸುಣ್ಣ ಕಟ್ಟಿ ಕಲ್ಲು!" ಎಂದ.

ಹೊಳೆ ಆಗ ಮಣ್ಣು ಕದಡಿ ಕೆಂಪಗೆ ಹರಿಯುತ್ತಿತ್ತು. ರಾಜ ಮರುಗಿ ತನ್ನ ಬಿಳಿಗಲ್ಲಿನ ಈಜುಕೊಳವನ್ನೇ ಬಿಟ್ಟುಕೊಟ್ಟ. ಆದರೆ ಅದರ ನೀರು ಅಕ್ಕಿ ತೊಳೆದ ನೀರಿನಂತೆ ಮಬ್ಬು.

"ಹಿತ್ತಾಳೆ ಬೆಳಗಿದವಳಿಗೆ ನೀರು ಬೆಳಗೋಕೆ ಬರಲ್ವಾ?" ಎಂದು ಸಿಂಗಾರಿ ಸೆರಗು ಸಿಕ್ಕಿಸಿದಳು. ಮೀನನ್ನು ಕೊಡದಲ್ಲಿಟ್ಟು, ಕೊಳಕ್ಕೆ ನಿಂಬೆರಸ ಸುರಿದಳು. ನೀರು ತಿಳಿಯಾಯಿತು. ಮೀನನ್ನು ಬಿಟ್ಟಳು. ಮಧ್ಯಾಹ್ನಕ್ಕೆ ಮತ್ತೆ ಮಬ್ಬು. ಮೀನಿನ ಬಾಲ ಬೆಳ್ಳಗಾಯಿತು.

"ಸಾಲಲಿಲ್ಲವೇನೋ, ಇನ್ನಷ್ಟು ಹಾಕಮ್ಮ," ಎಂದ ಮಾಂತ್ರಿಕ, ದೂರದಲ್ಲೇ ನಿಂತು.

ಮರುದಿನ ಹೇರಳೆಕಾಯಿ ಹಿಂಡಿದಳು. ನೀರು ತಿಳಿಯಾಯಿತು. ಮಧ್ಯಾಹ್ನಕ್ಕೆ ಮೊದಲಿಗಿಂತ ಹೆಚ್ಚು ಮಬ್ಬು. ಮೀನಿನ ಹೊಟ್ಟೆಯೂ ಬೆಳ್ಳಗಾಯಿತು.

"ಇನ್ನಷ್ಟು ಹಾಕಮ್ಮ!"

ಮೂರನೆಯ ದಿನ ಸಿಂಗಾರಿ ನಸುಕಿಗೇ ಎದ್ದು, ಕಡಲೆಗಿಡಗಳ ಮೇಲೆ ಬಟ್ಟೆ ಹಾಸಿ, ಎಲೆ ಸೂಸುವ ಹುಳಿಯನ್ನು ಇಬ್ಬನಿಯ ಜೊತೆ ಅದಕ್ಕೆ ಹೀರಿಸಿ, ಗಡಿಗೆಗೆ ಹಿಂಡಿ ತಂದಳು. ನಾಲಿಗೆಗೆ ತಗುಲಿದರೆ ಕಣ್ಣು ಮುಚ್ಚಿಸುವ ಹುಳಿ. ಮೆಟ್ಟಿಲಿಳಿಯುವಾಗ ಒಂದು ತೊಟ್ಟು ಚೆಲ್ಲಿತು. ಬಿಳಿಗಲ್ಲು ಚೊರ್ ಎಂದು ನೊರೆಯಾಯಿತು. ಸಿಂಗಾರಿ ಸವರಿ ನೋಡಿದಳು: ಬೆಣ್ಣೆಯಂತಿದ್ದ ಮೆಟ್ಟಿಲು ಬೆಕ್ಕಿನ ನಾಲಿಗೆಯಂತೆ ತರಿತರಿ.

"ಉರೀತಿದೆ ಕಣಮ್ಮ," ಎಂದು ಕಲ್ಲು ಅತ್ತಿತು. "ನೀನು ಹುಳಿ ಹೊಯ್ದಷ್ಟೂ ನಾನು ಕರಗ್ತೀನಿ. ಕರಗಿದ ಸುಣ್ಣ ಎಲ್ಲಿಗೆ ಹೋದೀತು? ನಿನ್ನ ಮಗಳ ಮೈಗೇ."

ಸಿಂಗಾರಿ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಬುದ್ಧಿಗಿಷ್ಟು! ಮಗಳನ್ನೂ ತಪ್ಪಲೆ ಅಂದ್ಕೊಂಡ್ನಾ?" ಆಮೇಲೆ ಕೇಳಿದಳು: "ಹುಳಿಗೂ ಕರಗದ, ನೀರಿಗೆ ಸುಣ್ಣ ಬಿಡದ ಕಲ್ಲು ಯಾವುದು?"

"ಆನೆಲಾಯದ ಕರಿಕಲ್ಲು."

ಮೀನಿದ್ದ ಕೊಡ ಸೊಂಟಕ್ಕೆ, ಹುಳಿಯ ಗಡಿಗೆ ಕೈಗೆ, ಸಿಂಗಾರಿ ಓಡಿದಳು. ಲಾಯದಲ್ಲಿ ಕೋಣೆಯಷ್ಟು ದೊಡ್ಡ ಕರಿಕಲ್ಲಿನ ಬಾನಿ. ಪಕ್ಕದಲ್ಲಿ ಮುದಿ ಆನೆ.

"ನನ್ನ ಬಾನಿ ಈಗ ಕಣ್ಣಿಗೆ ಬಿತ್ತೇನಮ್ಮ?" ಎಂದಿತು ಆನೆ.

"ಹಂಗಿಸೋದಿದ್ರೆ ನಾಳೆ ಹಂಗಿಸು ಮಾವ, ಮಗಳು ಕಲ್ಲಾಗ್ತಿದಾಳೆ!"

ಆನೆ ಬಾನಿಯನ್ನು ಬರಿದು ಮಾಡಿ ಬಾವಿಯ ನೀರು ತುಂಬಿತು. ತಳ ಕಂಡಿತು. ಮೀನು ಈಜಿತು. ಮಧ್ಯಾಹ್ನವಾಯಿತು, ತಳ ಕಾಣುತ್ತಲೇ ಇತ್ತು. ಹೊತ್ತು ಮುಳುಗಲು ಇನ್ನೊಂದೇ ಗಳಿಗೆಯಿದೆ ಎನ್ನುವಾಗ ಧವಳಾಂಗ ಬೊಗಸೆ ತುಂಬ ಸುಣ್ಣದ ಪುಡಿ ಹಿಡಿದು ನುಗ್ಗಿದ. ಸಿಂಗಾರಿಗೆ ಆ ಬಿಳಿ ಮೈ ಕಂಡಿತು, ಮಗಳ ಮಾತು ನೆನಪಾಯಿತು: ಇವನೂ ಬಿಳಿಗಲ್ಲೇ!

"ಅವತ್ತು ಸಾರು ಬೇಡ ಅಂದ್ಯಲ್ಲ, ತಗೋ ಈಗ!" ಎಂದು ಗಡಿಗೆಯ ಹುಳಿಯನ್ನು ಅವನ ಮೇಲೆ ಎರಚಿದಳು.

ಚೊರ್ರ್ ಎಂದಿತು. ಬಿಳಿಗಲ್ಲಿನ ಮಾಂತ್ರಿಕ ನೊರೆನೊರೆಯಾಗಿ ಬಚ್ಚಲ ಕಾಲುವೆಗೆ ಹರಿದುಹೋದ. ಸೂರ್ಯ ಮುಳುಗಿದ. ಬಾನಿಯಿಂದ ತುಂಬೆ ತಲೆಯೆತ್ತಿ, "ಅಮ್ಮಾ, ಹಸಿವು. ಸಾರು ಇದ್ಯಾ?" ಎಂದಳು.

ರಾಜ ಕೊಳಕ್ಕೆ ಕರಿಕಲ್ಲು ಹಾಸಿಸಿದ. ಉರಿಯಿಂದ ಅತ್ತಿದ್ದ ಬಿಳಿಗಲ್ಲುಗಳನ್ನು ಹುಳಿ ಸೋಕದ ತುಳಸಿಕಟ್ಟೆಗೆ ಸೇರಿಸಿದ. ಅಂದಿನಿಂದ ಹಾಲ್ಗಲ್ಲಿನ ಮಕ್ಕಳೆಲ್ಲ ಆ ತಿಳಿನೀರಿನಲ್ಲಿ ಈಜಿ, ಹಸಿದು ಬಂದು, ಸಾರು ಸುರಿದುಕೊಂಡು ಉಂಡು, ಸುಖವಾಗಿ ಬೆಳೆದರು.